ಅಣ್ಣನಿಗೆ ಬರೆಯುವ ಪತ್ರದಲ್ಲಿ ‘ಪಶ್ಚಾತ್ತಾಪ’ ಅಂತ ಬರೆಯಬಹುದಾ?

ಪ್ರಶ್ನೆ: ನಾನು ಹಾಸನ ಜಿಲ್ಲೆಯವನು, ವಯಸ್ಸು 58. ಅಪ್ಪ ತೀರಿಕೊಂಡ ಮೇಲೆ ಜಮೀನು ಪಾಲಾಗುವಾಗ, ಊರಿನ ನಾಲ್ಕು ಜನರ ಮುಂದೆ ಅಣ್ಣನಿಗೆ ‘ಅಪ್ಪನ ದುಡ್ಡು ತಿಂದವನು ನೀನು’ ಅಂದುಬಿಟ್ಟೆ. ಅವತ್ತಿನಿಂದ ಮಾತಿಲ್ಲ, ಹತ್ತು ವರ್ಷದ ಮೇಲಾಯಿತು. ಹೋದ ದೀಪಾವಳಿಗೆ ಹಳೇ ಮನೆಯ ಅಟ್ಟ ಗುಡಿಸಿಸುವಾಗ ಅಪ್ಪನ ಟ್ರಂಕಿನಲ್ಲಿ ಸೊಸೈಟಿ ಸಾಲದ ರಸೀದಿಗಳು ಸಿಕ್ಕವು. ಕಂತು ಕಟ್ಟಿದವರ ಜಾಗದಲ್ಲಿ ಅಣ್ಣನ ಸಹಿ. ತಾರೀಕು ನೋಡಿದರೆ ಎಲ್ಲವೂ ತಿಂಗಳ ಮೊದಲ ವಾರ, ಅವನಿಗೆ ಸಂಬಳ ಆಗುವ ಹೊತ್ತು. ಅಪ್ಪನ ಸಾಲವನ್ನು ಅವನೇ ತೀರಿಸಿದ್ದ, ಯಾರಿಗೂ ಹೇಳಿರಲಿಲ್ಲ. ಈಗ ಅವನ ಮಗಳ ಮದುವೆ, ಲಗ್ನಪತ್ರಿಕೆ ಬಂದಿದೆ. ಹೋಗುವ ಮೊದಲು ಪತ್ರ ಬರೆಯಬೇಕು ಅಂತ ಕೂತೆ. ‘ನನಗೆ ತುಂಬಾ ಪಶ್ಚಾತ್ತಾಪವಾಗಿದೆ’ ಅಂತ ಬರೆದೆ. ಮಗಳು ಓದಿ, ‘ಅಪ್ಪಾ, ಇದು ಜಡ್ಜ್ ಮುಂದೆ ಹೇಳಿದ ಹಾಗಿದೆ’ ಅಂದಳು. ಸ್ನೇಹಿತರೊಬ್ಬರು ‘ವಿಷಾದಿಸುತ್ತೇನೆ ಅಂತ ಬರಿ, ಗೌರವವಾಗಿರುತ್ತೆ’ ಅಂತಾರೆ. ಹೆಂಡತಿ ‘ಬೇಜಾರಾಗಿದೆ ಅನ್ನಿ, ಸಾಕು’ ಅಂತಾಳೆ. ಇನ್ನೊಬ್ಬರು ‘ಪಶ್ಚಾತ್ತಾಪ ಸಂಸ್ಕೃತ, ಇದಕ್ಕೆ ಕನ್ನಡದಲ್ಲಿ ಪದವೇ ಇಲ್ಲ’ ಅಂದರು. ಮೊಬೈಲ್ ನೋಡಿದರೆ ಒಮ್ಮೆ ‘ಪಶ್ಚಾತಾಪ’, ಒಮ್ಮೆ ‘ಪಶ್ಚಾತ್ತಾಪ’ ತೋರಿಸುತ್ತೆ. ಪದದ ಸರಿಯಾದ ಅರ್ಥ ಏನು? ಎಲ್ಲಿ ಬಳಸಬೇಕು? ಅಣ್ಣನಿಗೆ ನಾನು ಏನಂತ ಬರೆಯಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಇವೆ. ಒಂದು, ಪದದ ಅರ್ಥ ಮತ್ತು ಬಳಕೆ. ಇನ್ನೊಂದು, ಯಾವ ಪದ ಬರೆದರೆ ಅಣ್ಣನ ಮನಸ್ಸು ತಲುಪುತ್ತೆ ಅನ್ನೋದು. ಮೊದಲನೆಯದಕ್ಕೆ ನಿಘಂಟು ಸಾಕು. ಎರಡನೆಯದಕ್ಕೆ ಸಾಕಾಗೋದಿಲ್ಲ. ನಾನು ಬಹಳ ಕಾಲ ಪದಗಳ ಅರ್ಥ ಬರೆಯುವ, ಬೇರೆಯವರ ಬರಹ ತಿದ್ದುವ ಕೆಲಸ ಮಾಡಿದವನು. ಆ ಅನುಭವದಿಂದ ಎರಡಕ್ಕೂ ಉತ್ತರ ಕೊಡುತ್ತೇನೆ.

ಕಾಗುಣಿತ ಮೊದಲು ಮುಗಿಸೋಣ. ಸರಿಯಾದ ರೂಪ ‘ಪಶ್ಚಾತ್ತಾಪ’. ‘ಪಶ್ಚಾತ್’ ಮತ್ತು ‘ತಾಪ’ ಸೇರಿ ಆದ ಪದ. ಮೊದಲ ಪದದ ಕೊನೆಯ ತ್, ಎರಡನೆಯದರ ಮೊದಲ ತ ಎರಡೂ ಉಳಿಯುತ್ತವೆ, ಹಾಗಾಗಿ ತ ಕಾರಕ್ಕೆ ಒತ್ತು ಬೇಕೇ ಬೇಕು. ‘ಉತ್’ ಮತ್ತು ‘ತೀರ್ಣ’ ಸೇರಿ ‘ಉತ್ತೀರ್ಣ’ ಆಗುವ ಹಾಗೆಯೇ. ಮಾತಿನಲ್ಲಿ ಒಂದು ತ ಸವೆದು ‘ಪಶ್ಚಾತಾಪ’ ಅಂತ ಕೇಳಿಸುತ್ತೆ. ಕಿವಿಗೆ ಕೇಳಿದ್ದನ್ನೇ ಜನ ಟೈಪ್ ಮಾಡುತ್ತಾರೆ, ಮೊಬೈಲ್ ಅದನ್ನೇ ಕಲಿತು ನಿಮಗೆ ತೋರಿಸುತ್ತೆ. ‘ಪಶ್ಚಾತ್ಥಾಪ’, ‘ಪಶ್ಚ್ಯಾತ್ತಾಪ’ ಅನ್ನುವ ರೂಪಗಳನ್ನೂ ತಿದ್ದಿದ್ದೇನೆ. ಅವೂ ತಪ್ಪೇ.

ಈಗ ಅರ್ಥ. ‘ಪಶ್ಚಾತ್’ ಅಂದರೆ ಆಮೇಲೆ, ಹಿಂದೆ. ಪೂರ್ವಕ್ಕೆ ಮುಖ ಮಾಡಿ ನಿಂತರೆ ಬೆನ್ನ ಹಿಂದೆ ಇರೋದು ಪಶ್ಚಿಮ, ಆ ಪದವೂ ಇದರ ಮನೆಯದೇ. ‘ತಾಪ’ ಅಂದರೆ ಬಿಸಿ, ಸುಡುವಿಕೆ. ಮಾಡುವಾಗ ಇಲ್ಲದ ಉರಿ ಮಾಡಿದ ಮೇಲೆ ಹತ್ತಿಕೊಂಡರೆ ಅದು ಪಶ್ಚಾತ್ತಾಪ. ಹೀಗೆ ಬಿಡಿಸಿಟ್ಟರೆ ಮೂರು ಸಂಗತಿ ತಾನಾಗಿ ತಿಳಿಯುತ್ತವೆ. ಕೆಲಸ ಆಗಿ ಹೋಗಿರಬೇಕು. ಅದನ್ನು ಮಾಡಿದವರು ನಾವೇ ಆಗಿರಬೇಕು. ಮತ್ತು ಅದು ಸುಡುವುದು ಮಾಡಿದವರನ್ನು. ಈ ಮೂರನೆಯದೇ ನಿಮ್ಮ ಪತ್ರಕ್ಕೆ ಮುಖ್ಯ, ಅದಕ್ಕೆ ಆಮೇಲೆ ಬರುತ್ತೇನೆ.

ತಾಪದ ಕುಟುಂಬ ನಮ್ಮ ಮನೆಮಾತಿನಲ್ಲಿ ಎಲ್ಲೆಲ್ಲೂ ಇದೆ. ‘ಏನಪ್ಪಾ ಇದು ತಾಪತ್ರಯ’ ಅಂತ ದಿನಾ ಅನ್ನುತ್ತೇವೆ ಅಲ್ವಾ? ಅದು ಮೂಲದಲ್ಲಿ ಮೂರು ಬಗೆಯ ಬೇಗೆ: ನಮ್ಮ ದೇಹ ಮನಸ್ಸಿನಿಂದ ಬರುವುದು, ಬೇರೆ ಜೀವಿಗಳಿಂದ ಬರುವುದು, ದೈವದಿಂದ ಬರುವುದು. ಈಗ ಅದು ಸುಮ್ನೆ ‘ತೊಂದರೆ’ ಆಗಿದೆ. ‘ಸಂತಾಪ’ ಇನ್ನೂ ದೂರ ಬಂದಿದೆ. ಮನುಸ್ಮೃತಿಯ ಹನ್ನೊಂದನೇ ಅಧ್ಯಾಯದಲ್ಲಿ ಪಾಪ ಮಾಡಿದವನು ಆಮೇಲೆ ಬೇಯುವುದಕ್ಕೆ ಈ ಧಾತುವನ್ನೇ ಬಳಸಿದ್ದಾರೆ. ಇವತ್ತು ಸಂತಾಪ ಅಂದರೆ ಯಾರೋ ತೀರಿಕೊಂಡಾಗ ಸೂಚಿಸುವ ದುಃಖ. ‘ಅನುತಾಪ’ದ ದಾರಿ ಇನ್ನೊಂದು ಥರ. ಅನು ಅಂದರೂ ಆಮೇಲೆ, ಹಿಂದಿನಿಂದ ಅಂತಲೇ ಅರ್ಥ. ಬಂಗಾಳಿಯಲ್ಲಿ ಅದು ಇವತ್ತಿಗೂ ಪಶ್ಚಾತ್ತಾಪವೇ. ತಮಿಳಿಗೆ ಹೋದರೆ ಅನುತಾಪ ಅಂದರೆ ಇನ್ನೊಬ್ಬರ ಬಗ್ಗೆ ಮರುಕ. ಅಷ್ಟೇ ಅಲ್ಲ, ಪಶ್ಚಾತ್ತಾಪದಿಂದ ಬಂದ ‘ಪಚ್ಚಾತಾಪಂ’ ಕೂಡ ತಮಿಳು ಮಾತಿನಲ್ಲಿ ಕನಿಕರದ ಕಡೆಗೆ ವಾಲಿದೆ. ಬೆಂಗಳೂರಿನಲ್ಲೋ ಕೋಲಾರದಲ್ಲೋ ತಮಿಳು ಗೆಳೆಯರೊಬ್ಬರು ‘ನಿನ್ನ ಮೇಲೆ ಪಶ್ಚಾತ್ತಾಪ’ ಅಂದರೆ ‘ಅಯ್ಯೋ ಪಾಪ’ ಅಂತ ಇರಬಹುದು, ಗಾಬರಿ ಬೇಡ. ಹಿಂದಿಯ ‘ಪಛ್ತಾನಾ’ ಮಾತ್ರ ಅರ್ಥ ಬಿಡದೆ ರೂಪ ಸವೆಸಿಕೊಂಡು ಬಂದ ನಮ್ಮ ಪಶ್ಚಾತ್ತಾಪವೇ.

ಈಗ ಜನರಲ್ಲಿರುವ ಕೆಲವು ತಪ್ಪು ತಿಳಿವಳಿಕೆಗಳು.

ನಿಮ್ಮ ಪರಿಚಯದವರು ಹೇಳಿದ ಮಾತು, ಕನ್ನಡದಲ್ಲಿ ಪದವೇ ಇಲ್ಲ ಅನ್ನೋದು, ಅರ್ಧ ಸತ್ಯ. ಪಶ್ಚಾತ್ತಾಪ ಸಂಸ್ಕೃತದಿಂದ ಬಂದದ್ದು ನಿಜ. ಆದರೆ ಆ ಭಾವನೆಯನ್ನು ಹೇಳಲು ಕನ್ನಡಿಗರು ಸಂಸ್ಕೃತ ಬರಲಿ ಅಂತ ಕಾದು ಕೂತಿರಲಿಲ್ಲ. ಮರುಗು, ಕೊರಗು, ಹಲುಬು, ಪೇಚಾಡು, ಒಳಗೊಳಗೇ ಬೇಯು, ಮನಸ್ಸು ಚುಚ್ಚು... ನೋಡಿ, ಹೆಚ್ಚಿನವು ಕ್ರಿಯಾಪದಗಳು. ನಮ್ಮ ಮಾತು ಈ ಭಾವನೆಗೆ ಹೆಸರಿಡುವುದಕ್ಕಿಂತ ಅದು ಏನು ಮಾಡುತ್ತೆ ಅಂತ ಹೇಳುವುದರಲ್ಲಿ ಗಟ್ಟಿ. ‘ಅವನಿಗೆ ಪಶ್ಚಾತ್ತಾಪ ಇದೆ’ ಅನ್ನುವುದಕ್ಕಿಂತ ‘ಅವನು ಕೊರಗ್ತಾ ಇದಾನೆ’ ಅಂದರೆ ಹಳ್ಳಿಯಲ್ಲಿ ಬೇಗ ಅರ್ಥವಾಗುತ್ತೆ. ಇವುಗಳೊಳಗೂ ವ್ಯತ್ಯಾಸ ಉಂಟು. ಕೊರಗುವುದಕ್ಕೆ ತಪ್ಪು ಮಾಡಿರಲೇಬೇಕು ಅಂತಿಲ್ಲ, ಮಗ ದೂರ ಹೋದರೂ ತಾಯಿ ಕೊರಗುತ್ತಾಳೆ. ಮರುಗುವುದು ಬೇರೆಯವರ ನೋವಿಗೂ ಆಗಬಹುದು. ಪೇಚಾಡುವುದು ಸಿಕ್ಕಿಬಿದ್ದಾಗ, ಕೈ ತಪ್ಪಿಹೋದಾಗ. ಮನಸ್ಸು ಚುಚ್ಚುವುದು ಮಾತ್ರ ತಪ್ಪು ಮಾಡಿದವರಿಗೇ.

ಎರಡನೇ ಗೊಂದಲ ಇನ್ನೂ ವ್ಯಾಪಕ. ಯಾವುದೇ ನಷ್ಟಕ್ಕೂ ಜನ ಪಶ್ಚಾತ್ತಾಪ ಅಂತ ಬರೆಯುತ್ತಾರೆ. ‘ಹತ್ತು ವರ್ಷದ ಹಿಂದೆ ಆ ಸೈಟು ಕೊಳ್ಳಲಿಲ್ಲ, ಈಗ ಪಶ್ಚಾತ್ತಾಪ ಪಡ್ತಿದೀನಿ.’ ಸೈಟು ಕೊಳ್ಳದೇ ಇದ್ದುದರಿಂದ ಯಾರಿಗೂ ಅನ್ಯಾಯ ಆಗಲಿಲ್ಲ. ಅದಕ್ಕೆ ಹಳಹಳಿ, ಪೇಚಾಟ, ಕೈಕೈ ಹಿಸುಕಿಕೊಳ್ಳುವುದು ಸರಿಯಾದ ಮಾತು. ಗಾದೆಯೂ ಹಾಗೇ ಹೇಳುತ್ತೆ: ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಅಲ್ಲಿರುವುದು ತಡವಾಗಿ ಬಂದ ಬುದ್ಧಿ. ಇನ್ನೊಬ್ಬರಿಗೆ ಮಾಡಿದ ನೋವಿನ ಮಾತು ಅಲ್ಲಿಲ್ಲ. ಈ ಬೆರಕೆ ಹೆಚ್ಚಾಗಿದ್ದು ಸುದ್ದಿ ಅನುವಾದದಿಂದ. ಇಂಗ್ಲಿಷಿನಲ್ಲಿ ರಿಗ್ರೆಟ್, ರಿಮೋರ್ಸ್, ರಿಪೆಂಟೆನ್ಸ್ ಅಂತ ಮೂರು ಪದ ಇವೆ, ಮೂರಕ್ಕೂ ಮೂರು ತೂಕ. ರಾತ್ರಿ ಪಾಳಿಯಲ್ಲಿ ಪುಟ ಮುಗಿಸಬೇಕಾದ ಉಪಸಂಪಾದಕರು ಮೂರಕ್ಕೂ ಪಶ್ಚಾತ್ತಾಪ ಅಂತಲೇ ಹಾಕಿ ಮುಂದೆ ಹೋಗುತ್ತಾರೆ. ಹಾಗಾಗಿ ಮೊದಲ ಓವರಿನಲ್ಲಿ ಕ್ಯಾಚ್ ಬಿಟ್ಟ ಆಟಗಾರನಿಗೂ ಪಶ್ಚಾತ್ತಾಪ, ಕೊಲೆ ಅಪರಾಧಿಗೂ ಪಶ್ಚಾತ್ತಾಪ. ‘ಮುಂದೆ ಪಶ್ಚಾತ್ತಾಪ ಪಡ್ತೀಯ, ನೋಡ್ತಾ ಇರು’ ಅನ್ನುವ ಬೆದರಿಕೆಯೂ ಈ ಸಡಿಲ ಬಳಕೆಯದೇ. ಅಲ್ಲಿ ಅರ್ಥ ‘ನಿನಗೆ ನಷ್ಟ ಆಗುತ್ತೆ’ ಅಂತ, ‘ನಿನ್ನ ಮನಸ್ಸು ಸುಡುತ್ತೆ’ ಅಂತಲ್ಲ.

ಪದದ ನಿಜವಾದ ಅರ್ಥಕ್ಕೆ ಉದಾಹರಣೆ ಬೇಕಿದ್ದರೆ ಪಂಚತಂತ್ರದ ಮುಂಗುಸಿ ಕಥೆ ನೆನಪಿಸಿಕೊಳ್ಳಿ. ತೊಟ್ಟಿಲ ಬಳಿ ಬಂದ ಹಾವನ್ನು ಮುಂಗುಸಿ ಕೊಂದಿರುತ್ತೆ. ಬಾಯಿಗೆ ರಕ್ತ ಮೆತ್ತಿಕೊಂಡು ಬಾಗಿಲಿಗೆ ಓಡಿ ಬರುತ್ತೆ. ನೀರು ಹೊತ್ತು ಬಂದ ತಾಯಿ, ಮಗುವನ್ನೇ ಕಚ್ಚಿತು ಅಂದುಕೊಂಡು ಕೊಡ ಎತ್ತಿ ಹಾಕುತ್ತಾಳೆ. ಒಳಗೆ ಹೋದರೆ ಮಗು ಆಡುತ್ತಿದೆ, ಪಕ್ಕದಲ್ಲಿ ಹಾವು ತುಂಡಾಗಿ ಬಿದ್ದಿದೆ. ಅಲ್ಲಿಂದ ಮುಂದೆ ಅವಳಿಗೆ ಆಗುವುದು ಪಶ್ಚಾತ್ತಾಪ. ಕೆಲಸ ಆಗಿಹೋಗಿದೆ, ಮಾಡಿದವಳು ಅವಳೇ, ಸುಡುವುದೂ ಅವಳನ್ನೇ. ನಿಮ್ಮ ಟ್ರಂಕಿನ ರಸೀದಿಗಳು ನಿಮಗೆ ತೋರಿಸಿದ್ದು ಇಂಥದ್ದನ್ನೇ. ಹಾಗಾಗಿ ನಿಮಗೆ ಆಗಿರುವ ಭಾವನೆಗೆ ನೀವು ಇಟ್ಟ ಹೆಸರು ಸರಿ. ಆ ವಿಷಯದಲ್ಲಿ ಅನುಮಾನ ಬೇಡ.

ಹೋಲಿಸಿ ನೋಡಲು ಇನ್ನೆರಡು. ಗೋವಿನ ಹಾಡಿನ ಹುಲಿ ಪಶ್ಚಾತ್ತಾಪದಿಂದ ಸತ್ತಿತು ಅಂತ ಶಾಲೆಯಲ್ಲಿ ಮಕ್ಕಳು ಬರೆಯುತ್ತಾರೆ. ಹುಲಿ ಪುಣ್ಯಕೋಟಿಯನ್ನು ತಿನ್ನಲೇ ಇಲ್ಲವಲ್ಲ? ಮಾಡಲು ಹೊರಟಿದ್ದಕ್ಕೆ ನಾಚಿತು, ಅವಳ ಸತ್ಯದ ಮುಂದೆ ಕರಗಿತು. ಮೇಷ್ಟರು ಅಂಕ ಕಳೆಯಬೇಕಿಲ್ಲ, ಆದರೆ ಪದದ ಗುರಿ ಒಂದು ಗೇಣು ಪಕ್ಕಕ್ಕೆ ಬಿದ್ದಿದೆ. ಹಾಗೇ ಭಗವದ್ಗೀತೆಯ ಮೊದಲ ಅಧ್ಯಾಯದ ಹೆಸರು ಅರ್ಜುನವಿಷಾದಯೋಗ. ಅಲ್ಲಿ ಅರ್ಜುನ ಇನ್ನೂ ಒಂದು ಬಾಣವನ್ನೂ ಬಿಟ್ಟಿಲ್ಲ. ಯುದ್ಧಕ್ಕೆ ಮೊದಲೇ ಕುಸಿದು ಕೂತವನದು ವಿಷಾದ.

‘ವಿಷಾದಿಸುತ್ತೇನೆ ಅಂತ ಬರಿ’ ಅಂದ ನಿಮ್ಮ ಸ್ನೇಹಿತರ ಸಲಹೆಗೆ ಇಲ್ಲಿಂದಲೇ ಉತ್ತರ ಸಿಗುತ್ತೆ. ವಿಷಾದ ಅಂದರೆ ಮನಸ್ಸು ಕುಗ್ಗುವುದು. ಅದಕ್ಕೆ ನಾವು ತಪ್ಪು ಮಾಡಿರಬೇಕಾಗಿಲ್ಲ. ಮಳೆ ಬಂದು ಕಾರ್ಯಕ್ರಮ ರದ್ದಾದರೂ ಸಂಘಟಕರು ವಿಷಾದಿಸುತ್ತಾರೆ. ಪತ್ರಿಕೆಯಲ್ಲಿ ಹೆಸರು ತಪ್ಪಾಗಿ ಅಚ್ಚಾದರೂ ‘ಪ್ರಮಾದಕ್ಕೆ ವಿಷಾದಿಸುತ್ತೇವೆ’ ಅಂತ ಬರುತ್ತೆ. ರಾಜಕಾರಣಿಗಳು ಆಡಿದ ಮಾತಿಗೆ ‘ವಿಷಾದ ವ್ಯಕ್ತಪಡಿಸಿದರು’ ಅಂತ ಸುದ್ದಿ ಬಂದಾಗ ಎದುರಿನವರು ‘ವಿಷಾದ ಸಾಲದು, ಕ್ಷಮೆ ಕೇಳಲಿ’ ಅಂತ ಪಟ್ಟು ಹಿಡಿಯುವುದು ಸುಮ್ನೆ ಹಟಕ್ಕಲ್ಲ. ಹೀಗಾಯಿತಲ್ಲ ಅನ್ನುವ ಬೇಸರ ವಿಷಾದದಲ್ಲಿದೆ, ಮಾಡಿದವನು ನಾನು ಅನ್ನುವುದು ಅದರಲ್ಲಿಲ್ಲ. ಕೋರ್ಟುಗಳಲ್ಲೂ ಇದೇ ಜಗ್ಗಾಟ. ನ್ಯಾಯಾಂಗ ನಿಂದನೆಯ 1971ರ ಕಾಯ್ದೆ, ಕ್ಷಮೆ ಕೋರಿಕೆ ನ್ಯಾಯಾಲಯಕ್ಕೆ ತೃಪ್ತಿ ತಂದರೆ ಶಿಕ್ಷೆ ಬಿಡಲು ಅವಕಾಶ ಕೊಡುತ್ತೆ. ಪ್ರಾಮಾಣಿಕವಾಗಿದ್ದರೆ, ಷರತ್ತು ಇದೆ ಎಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕಬಾರದು ಅಂತಲೂ ಹೇಳುತ್ತೆ. ಆದರೂ ವಕೀಲರು ‘ಬೇಷರತ್ ಕ್ಷಮೆ’ ಅಂತಲೇ ಬರೆದುಕೊಡುತ್ತಾರೆ. ಮಾತು ಅರ್ಧ ಆದರೆ ಮನಸ್ಸೂ ಅರ್ಧ ಅಂತ ಕೇಳುವವರಿಗೆ ಅನ್ನಿಸುತ್ತೆ ಅನ್ನುವುದು ಅವರಿಗೆ ಗೊತ್ತು. ಒಡಹುಟ್ಟಿದ ಅಣ್ಣನಿಗೆ ‘ವಿಷಾದಿಸುತ್ತೇನೆ’ ಅಂತ ಬರೆದರೆ ಇಲಾಖೆಯ ಪತ್ರ ಬಂದ ಹಾಗಾಗುತ್ತೆ. ಅದನ್ನು ಬಿಡಿ.

‘ಪ್ರಾಯಶ್ಚಿತ್ತ’ವನ್ನೂ ಪಶ್ಚಾತ್ತಾಪವನ್ನೂ ಹಲವರು ಕಲಸುತ್ತಾರೆ, ಶ್ಚ ಎರಡರಲ್ಲೂ ಇರುವುದರಿಂದ ಇರಬಹುದು. ಪ್ರಾಯ ಅಂದರೆ ತಪಸ್ಸು, ಚಿತ್ತ ಅಂದರೆ ನಿಶ್ಚಯ ಅಂತ ಹಳೆಯ ಧರ್ಮಶಾಸ್ತ್ರದವರು ಬಿಡಿಸಿದ್ದಾರೆ. ಪಶ್ಚಾತ್ತಾಪ ಆಗುವಂಥದ್ದು, ಪ್ರಾಯಶ್ಚಿತ್ತ ಮಾಡಿಕೊಳ್ಳುವಂಥದ್ದು. ‘ಪ್ರಾಯಶ್ಚಿತ್ತ ಆಯಿತು’ ಅಂದರೆ ವಿಧಿ ಮುಗಿಯಿತು ಅಂತ. ‘ಪಶ್ಚಾತ್ತಾಪ ಆಯಿತು’ ಅಂದರೆ ಉರಿ ಶುರುವಾಯಿತು ಅಂತ. ಕರಾವಳಿ, ಮಲೆನಾಡಿನ ಕಡೆ ದೇವಸ್ಥಾನಕ್ಕೆ ಹಾಕುವ ತಪ್ಪುಕಾಣಿಕೆ ಪ್ರಾಯಶ್ಚಿತ್ತದ ಕಡೆಯದು.

ಪಶ್ಚಾತ್ತಾಪ ಅಂದರೆ ಬರೀ ನೊಂದುಕೊಳ್ಳುವುದೋ, ಅದರಲ್ಲಿ ಬದಲಾಗುವುದೂ ಸೇರಿದೆಯೋ ಅನ್ನುವುದು ಹಳೇ ಪ್ರಶ್ನೆ. ನಾನು ಮೇಲೆ ಹೇಳಿದ ಮನುಸ್ಮೃತಿಯ ಶ್ಲೋಕವೇ ಅದನ್ನು ಎರಡು ಹೆಜ್ಜೆಯಾಗಿ ಇಡುತ್ತೆ: ಮಾಡಿದ್ದಕ್ಕೆ ಬೆಂದರೆ ಆ ಪಾಪದಿಂದ ಬಿಡುಗಡೆ, ‘ಇನ್ನೆಂದೂ ಹೀಗೆ ಮಾಡೆನು’ ಅಂತ ಹಿಂದೆ ಸರಿದರೆ ಶುದ್ಧಿ. ಅದೇ ಜಾಗದಲ್ಲಿ, ಮಾಡಿದ್ದನ್ನು ಬಾಯಿಬಿಟ್ಟು ಹೇಳುವುದೂ ಪಾಪ ಕಳೆಯುವ ದಾರಿಗಳಲ್ಲಿ ಒಂದು ಅಂತ ಸೇರಿಸಿದ್ದಾರೆ. ಮುಸ್ಲಿಮರ ‘ತೌಬಾ’ ಪದದ ಮೂಲ ಅರ್ಥ ಹಿಂತಿರುಗುವುದು. ತಪ್ಪು ನಿಲ್ಲಿಸಬೇಕು, ನೋಯಬೇಕು, ಮತ್ತೆ ಮಾಡುವುದಿಲ್ಲ ಅಂತ ಗಟ್ಟಿ ಮಾಡಿಕೊಳ್ಳಬೇಕು, ಇನ್ನೊಬ್ಬರ ಹಕ್ಕು ಕಿತ್ತುಕೊಂಡಿದ್ದರೆ ವಾಪಸ್ ಕೊಡಬೇಕು. ಕನ್ನಡ ಕ್ರೈಸ್ತರ ‘ಮಾನಸಾಂತರ’ ಅನ್ನುವ ಪದ ಮನಸ್ಸು ಬೇರೆಯಾಗುವುದನ್ನೇ ಹೇಳುತ್ತೆ. ಜೈನರು ಪ್ರತಿಕ್ರಮಣದಲ್ಲಿ ತಪ್ಪುಗಳನ್ನು ಒಂದೊಂದಾಗಿ ನೆನೆದು ‘ಮಿಚ್ಛಾಮಿ ದುಕ್ಕಡಂ’ ಅನ್ನುತ್ತಾರೆ, ನಾನು ಮಾಡಿದ ಕೆಟ್ಟದ್ದು ಇಲ್ಲವಾಗಲಿ ಅಂತ. ಬೌದ್ಧರು ಇನ್ನೊಂದು ಎಚ್ಚರಿಕೆ ಕೊಟ್ಟಿದ್ದಾರೆ. ಪಾಲಿಯಲ್ಲಿ ‘ಕುಕ್ಕುಚ್ಚ’ ಅಂತ ಇದೆ, ಮಾಡಿದ ತಪ್ಪನ್ನೇ ಮನಸ್ಸು ಮತ್ತೆ ಮತ್ತೆ ಅಗಿಯುವುದು. ಅವರು ಅದನ್ನು ಧ್ಯಾನಕ್ಕೆ ಅಡ್ಡಿಯಾಗುವ ಐದು ನೀವರಣಗಳಲ್ಲಿ ಸೇರಿಸಿದ್ದಾರೆ. ಅಂದರೆ ಬರೀ ಬೇಯುತ್ತಾ ಕೂರುವುದು ಅವರ ಲೆಕ್ಕದಲ್ಲಿ ಒಳ್ಳೆಯತನಕ್ಕೆ ಗುರುತಲ್ಲ.

ಬೆಂದೂ ಏನೂ ಮಾಡದವರ ಉದಾಹರಣೆ ನಮ್ಮ ಹಳಗನ್ನಡದಲ್ಲೇ ಇದೆ. ಜೈನ ಕವಿ ನಾಗಚಂದ್ರನ ರಾಮಾಯಣದ ರಾವಣನಿಗೆ ಸೀತೆಯ ನಿಷ್ಠೆ ನೋಡಿ ಮನಸ್ಸು ತಿರುಗುತ್ತೆ. ಮಾಡಿದ್ದು ತಪ್ಪು ಅಂತ ಅರ್ಥವಾಗುತ್ತೆ. ಸೀತೆಯನ್ನು ಒಪ್ಪಿಸಬೇಕು ಅಂತಲೂ ಅನ್ನಿಸುತ್ತೆ. ಆದರೆ ಈಗಲೇ ಒಪ್ಪಿಸಿದರೆ ಹೆದರಿದ ಅಂತಾರೆ. ಮೊದಲು ರಾಮಲಕ್ಷ್ಮಣರನ್ನು ಗೆದ್ದು, ಆಮೇಲೆ ಕೊಡುತ್ತೇನೆ ಅಂತ ನಿರ್ಧರಿಸಿ ಯುದ್ಧಕ್ಕೆ ಹೋಗುತ್ತಾನೆ, ವಾಪಸ್ ಬರೋದಿಲ್ಲ. ಪಶ್ಚಾತ್ತಾಪ ನಿಜವೇ. ಅದು ಸೀತೆಯ ಕೈಗೆ ಮುಟ್ಟಲಿಲ್ಲ ಅಷ್ಟೇ.

ಅಶೋಕನದು ಇನ್ನೂ ಯೋಚನೆಗೆ ಹಚ್ಚುವಂಥದ್ದು. ಅವನ ಹದಿಮೂರನೇ ಬಂಡೆಶಾಸನದಲ್ಲಿ ಕಳಿಂಗ ಯುದ್ಧದ ಮಾತು ಬರುತ್ತೆ. 1,50,000 ಜನರನ್ನು ಸೆರೆ ಒಯ್ದರು, 1,00,000 ಜನ ಸತ್ತರು, ಅದರ ಎಷ್ಟೋ ಪಟ್ಟು ಜನ ಇನ್ನೂ ಸತ್ತರು ಅಂತ ಲೆಕ್ಕ ಕೊಟ್ಟು, ಗೆದ್ದ ರಾಜನಿಗೆ ‘ಅನುಸೋಚನ’ ಆಗಿದೆ ಅಂತ ಕೆತ್ತಿಸಿದ್ದಾನೆ. ಆಮೇಲೆ ಬಂದ ಅಳಲು, ಅಂದರೆ ಪಶ್ಚಾತ್ತಾಪದ್ದೇ ಅರ್ಥ. ಒಬ್ಬ ಚಕ್ರವರ್ತಿ ತನ್ನ ಗೆಲುವಿಗೇ ನೊಂದುಕೊಂಡು ಕಲ್ಲಿನಲ್ಲಿ ಬರೆಸಿದ್ದು ದೊಡ್ಡ ಮಾತು. ಆದರೆ ಕಳಿಂಗದಲ್ಲೇ ಇರುವ ಧೌಲಿ, ಜೌಗಡ ಬಂಡೆಗಳಲ್ಲಿ ಈ ಶಾಸನ ಇಲ್ಲ. ಅಲ್ಲಿ ಅದರ ಜಾಗಕ್ಕೆ ಬೇರೆ ಶಾಸನಗಳಿವೆ, ಅಧಿಕಾರಿಗಳು ಜನರನ್ನು ಮಕ್ಕಳಂತೆ ನೋಡಿಕೊಳ್ಳಬೇಕು ಅನ್ನುವಂಥವು. ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕ ಕಲ್ಲಿನಲ್ಲೂ ಆ ಪ್ರತ್ಯೇಕ ಶಾಸನಗಳ ಭಾಗಗಳಿವೆ. ಕಳಿಂಗದವರಿಗೆ ಹದಿಮೂರನೇ ಶಾಸನವನ್ನು ಯಾಕೆ ತೋರಿಸಲಿಲ್ಲ ಅನ್ನುವುದಕ್ಕೆ ವಿದ್ವಾಂಸರು ಬೇರೆ ಬೇರೆ ಕಾರಣ ಊಹಿಸುತ್ತಾರೆ. ಹಳೇ ಗಾಯ ಕೆದಕುವುದು ಬೇಡ ಅನ್ನಿಸಿತ್ತೇನೋ. ಏನೇ ಇರಲಿ, ರಾಜನ ಪಶ್ಚಾತ್ತಾಪವನ್ನು ದೂರದೂರದವರೆಲ್ಲ ಓದಿದರು. ಪೆಟ್ಟು ತಿಂದವರ ಊರಿನ ಬಂಡೆಯಲ್ಲಿ ಅದು ಬರಲಿಲ್ಲ.

ನಿಮ್ಮ ಮಗಳಿಗೆ ಆ ಸಾಲು ಯಾಕೆ ಕೋರ್ಟಿನ ಥರ ಕೇಳಿಸಿತು ಅಂತ ಈಗ ಹೇಳಬಹುದು. ಪಶ್ಚಾತ್ತಾಪ ನಿಮ್ಮೊಳಗೆ ಏನಾಗುತ್ತಿದೆ ಅಂತ ಹೇಳುವ ಪದ. ಕಥೆಯಲ್ಲಿ, ಲೇಖನದಲ್ಲಿ, ಬೇರೆಯವರ ಬಗ್ಗೆ ಹೇಳುವಾಗ ಅದರಷ್ಟು ಒಳ್ಳೆಯ ಪದ ಇಲ್ಲ. ‘ಅವನಿಗೆ ಕೊನೆಗೂ ಪಶ್ಚಾತ್ತಾಪವಾಯಿತು.’ ನ್ಯಾಯಾಧೀಶರೂ ಆರೋಪಿಯ ಮುಖದಲ್ಲಿ ಪಶ್ಚಾತ್ತಾಪ ಇದೆಯಾ ಅಂತ ಹುಡುಕುತ್ತಾರೆ. ಆದರೆ ನೊಂದವರ ಎದುರು ನಿಂತು ‘ನನಗೆ ಪಶ್ಚಾತ್ತಾಪವಾಗಿದೆ’ ಅಂದರೆ ಮಾತು ಮತ್ತೆ ನಮ್ಮ ನೋವಿನ ಸುತ್ತಲೇ ತಿರುಗುತ್ತೆ. ವ್ಯಾಕರಣ ನೋಡಿ. ‘ನನಗೆ ಹಸಿವಾಯಿತು’, ‘ನನಗೆ ಚಳಿಯಾಯಿತು’, ‘ನನಗೆ ಪಶ್ಚಾತ್ತಾಪವಾಯಿತು’. ಮೂರರಲ್ಲೂ ನಾನು ಏನೂ ಮಾಡಿಲ್ಲ, ನನಗೆ ಏನೋ ಆಗಿದೆ. ‘ನಾನು ಪಶ್ಚಾತ್ತಾಪ ಪಟ್ಟೆ’ ಅಂದರೆ ಸ್ವಲ್ಪ ವಾಸಿ. ಪಡು ಅಂದರೆ ಅನುಭವಿಸು, ಕಷ್ಟಪಡು, ನಾಚಿಕೆಪಡು ಅನ್ನುವ ಹಾಗೆ. ಬಳಸುವುದಾದರೆ ‘ಮಾಡಿದ್ದಕ್ಕೆ’ ಅಥವಾ ‘ಆಡಿದ ಮಾತಿಗೆ’ ಅಂತ ಚತುರ್ಥಿಯಲ್ಲಿ ಕಾರಣ ಸೇರಿಸಿ. ‘ಪಶ್ಚಾತ್ತಾಪ ಮಾಡಿದೆ’ ಅನ್ನುವುದು ಕನ್ನಡಕ್ಕೆ ಒಗ್ಗುವುದಿಲ್ಲ.

ಇನ್ನುಳಿದ ದಾರಿಗಳನ್ನೂ ತೂಗಿ ನೋಡೋಣ.

‘ಬೇಜಾರಾಗಿದೆ’ ಅನ್ನುವುದರಲ್ಲಿ ಪ್ರೀತಿ ಇದೆ, ಮನೆಯ ಮಾತು. ನಿಮ್ಮ ಮನೆಯವರು ಹೇಳಿದ್ದು ಅದಕ್ಕೇ. ಅಪಾಯ ಏನಂದರೆ ಬೇಜಾರು ಯಾರ ಮೇಲೆ ಅಂತ ಅದು ಹೇಳುವುದಿಲ್ಲ. ಹತ್ತು ವರ್ಷ ಮಾತು ಬಿಟ್ಟ ಅಣ್ಣ ‘ಇವನಿಗೆ ಇನ್ನೂ ನನ್ನ ಮೇಲೆ ಬೇಜಾರಾ?’ ಅಂದುಕೊಂಡರೆ ಏನು ಮಾಡುತ್ತೀರಿ? ಅದಕ್ಕಿಂತ ಕೆಟ್ಟದ್ದು ‘ನಿನಗೆ ಬೇಜಾರಾಗಿದ್ದರೆ ಸಾರಿ’ ಅನ್ನುವುದು. ಆ ‘ರೆ’ ಎಲ್ಲವನ್ನೂ ಹಾಳು ಮಾಡುತ್ತೆ. ಆಗಿದ್ದರೆ ಅಂದರೆ ಆಗದೇನೂ ಇರಬಹುದು, ಆಗಿದ್ದರೂ ಅದು ನಿನ್ನ ಮನಸ್ಸಿನ ತೊಂದರೆ ಅಂತ ಅರ್ಥ ಕೊಡುತ್ತೆ.

‘ಕ್ಷಮಿಸು’ ಗಟ್ಟಿ ಪದ, ಬಳಸಬಹುದು. ಆದರೆ ಅದು ಕೇಳುವ ಪದ. ಬರೆದ ಕೂಡಲೇ ಅಣ್ಣನ ಮೇಲೆ ಒಂದು ಕೆಲಸ ಬೀಳುತ್ತೆ: ಕ್ಷಮಿಸಬೇಕು, ಇಲ್ಲ ಅನ್ನಬೇಕು. ಮದುವೆ ಮನೆಯ ಗಡಿಬಿಡಿಯಲ್ಲಿ ಇರುವವರಿಗೆ ಆ ಹೊರೆ ಯಾಕೆ? ಕೇಳಲೇಬೇಕು ಅನ್ನಿಸಿದರೆ ಪತ್ರದ ಕೊನೆಗೆ ಇಟ್ಟುಕೊಳ್ಳಿ, ಜೊತೆಗೆ ‘ನೀನು ಈಗಲೇ ಏನೂ ಹೇಳಬೇಕಿಲ್ಲ’ ಅಂತ ಸೇರಿಸಿ. ‘ಕ್ಷಮೆ ಇರಲಿ’ ಮಾತ್ರ ಬೇಡ. ಅದು ಭಾಷಣ ಉದ್ದವಾದಾಗ, ಬಸ್ಸಿನಲ್ಲಿ ಕಾಲು ತುಳಿದಾಗ ಹೇಳುವಷ್ಟು ಹಗುರಾಗಿದೆ. ‘ಸಾರಿ’ಯ ಬಗ್ಗೆ ನನಗೆ ಮಡಿವಂತಿಕೆ ಇಲ್ಲ, ಕನ್ನಡದಲ್ಲಿ ಅದು ಮನೆ ಮಾಡಿಕೊಂಡಿದೆ. ಆದರೆ ಇಷ್ಟು ವರ್ಷದ ಭಾರ ಅದಕ್ಕೆ ಹೊರಲಾಗದು.

ನನ್ನ ಮಟ್ಟಿಗೆ ನಿಮಗೆ ಬೇಕಾದ ಮಾತು ‘ತಪ್ಪಾಯ್ತು’. ನಿಮ್ಮ ಕಡೆ ‘ತಪ್ಪಾಯ್ತು ಕಣಣ್ಣ’ ಅಂತಾರೆ, ಧಾರವಾಡದ ಕಡೆ ‘ತಪ್ಪಾತ್ರೀ’ ಅಂತಾರೆ, ಮಂಗಳೂರಿನ ಕಡೆ ‘ತಪ್ಪಾಯಿತು ಮಾರಾಯ್ರೆ’. ದೇವರ ಮುಂದೆ ಕೆನ್ನೆ ಬಡಿದುಕೊಂಡು ಹೇಳುವುದೂ ಇದನ್ನೇ. ಅದರಲ್ಲೂ ಒಂದು ಸಣ್ಣ ತೊಡಕಿದೆ. ‘ಆಯ್ತು’ ಅಂದರೆ ತಾನಾಗಿ ಆಯಿತು ಅನ್ನುವ ಧ್ವನಿ ಬರಬಹುದು. ಎದುರಿಗೆ ನಿಂತು ಹೇಳುವಾಗ ಮುಖ, ದನಿ ಆ ಕೊರತೆ ತುಂಬುತ್ತವೆ. ಕಾಗದದಲ್ಲಿ ಮುಖ ಇಲ್ಲ. ಹಾಗಾಗಿ ಬರೆಯುವಾಗ ‘ನನ್ನಿಂದ ತಪ್ಪಾಯ್ತು’ ಅನ್ನಿ, ಇಲ್ಲವೇ ನೇರವಾಗಿ ‘ನಾನು ತಪ್ಪು ಮಾತಾಡಿದೆ’ ಅನ್ನಿ. ಆಮೇಲೆ ಯಾವ ಮಾತು ಅಂತಲೂ ಬರೆಯಿರಿ. ‘ಅವತ್ತು ಆಗಿದ್ದೆಲ್ಲ’ ಅಂತ ಸುತ್ತಿ ಹೇಳಬೇಡಿ. ಅಣ್ಣನಿಗೆ ಆ ಮಾತು ಅಕ್ಷರ ಅಕ್ಷರ ನೆನಪಿರುತ್ತೆ. ನಿಮಗೂ ನೆನಪಿದೆ ಅಂತ ಗೊತ್ತಾದಾಗಲೇ ಅವರು ಮುಂದಿನ ಸಾಲು ಓದುವುದು.

ಒಂದು ಪದದ ಬಗ್ಗೆ ಎಚ್ಚರಿಕೆ: ‘ಆದರೆ’. ನಾನು ತಿದ್ದಿದ ಎಷ್ಟೋ ಕ್ಷಮಾಪಣೆ ಪತ್ರಗಳು ಎರಡನೇ ಪ್ಯಾರಾದ ‘ಆದರೆ’ಯಲ್ಲೇ ಕೆಟ್ಟಿವೆ. ‘ನನ್ನದು ತಪ್ಪು, ಆದರೆ ನೀನೂ ಒಂದು ಮಾತು ಹೇಳಬಹುದಿತ್ತು.’ ಅಣ್ಣ ರಸೀದಿಯ ವಿಷಯ ಯಾಕೆ ಮುಚ್ಚಿಟ್ಟರು ಅನ್ನುವ ಪ್ರಶ್ನೆ ನಿಮ್ಮಲ್ಲಿ ಇರಬಹುದು, ಅದು ಸಹಜ. ಅದನ್ನು ಮುಂದೆ ಯಾವತ್ತಾದರೂ ಒಟ್ಟಿಗೆ ಕೂತಾಗ ಕೇಳಿ. ಈ ಪತ್ರದಲ್ಲಿ ಬೇಡ.

ಬರೆದು ತೋರಿಸಿದರೆ ಸುಲಭ. ಹೀಗಿರಬಹುದು:

‘ಅಣ್ಣಾ, ಪಾಲಾದ ದಿನ ಎಲ್ಲರ ಮುಂದೆ ನಿನಗೆ ಅಪ್ಪನ ದುಡ್ಡು ತಿಂದವನು ಅಂದೆ. ಅದು ಸುಳ್ಳು. ಅಪ್ಪನ ಟ್ರಂಕಿನಲ್ಲಿ ಸೊಸೈಟಿ ರಸೀದಿ ಸಿಕ್ಕವು, ಎಲ್ಲದರ ಮೇಲೂ ನಿನ್ನ ಸಹಿ ಇದೆ. ಸಾಲ ತೀರಿಸಿದವನಿಗೆ ಕಳ್ಳ ಅಂದೆ. ನಾನು ತಪ್ಪು ಮಾಡಿದೆ. ಅತ್ತಿಗೆಗೂ ಆ ಮಾತು ಎಷ್ಟು ನೋವಾಗಿರಬೇಕು ಅಂತ ಈಗ ಗೊತ್ತಾಗುತ್ತಿದೆ. ರಸೀದಿಗಳನ್ನು ಜೋಪಾನವಾಗಿ ಇಟ್ಟಿದ್ದೇನೆ, ನಿನಗೇ ತಂದು ಕೊಡುತ್ತೇನೆ. ಮದುವೆಗೆ ಬರುತ್ತೇವೆ. ಏನು ಕೆಲಸ ಹೇಳಿದರೂ ಮಾಡುತ್ತೇನೆ.’

ಇದರಲ್ಲಿ ಪಶ್ಚಾತ್ತಾಪ ಅನ್ನುವ ಪದ ಎಲ್ಲೂ ಇಲ್ಲ. ನಿಮಗೆ ಆ ಪದ ಇರಲೇಬೇಕು ಅನ್ನಿಸಿದರೆ ‘ಸಾಲ ತೀರಿಸಿದವನಿಗೆ ಕಳ್ಳ ಅಂದೆ’ ಅನ್ನುವುದರ ನಂತರ ‘ರಸೀದಿ ನೋಡಿದ ದಿನದಿಂದ ಪಶ್ಚಾತ್ತಾಪ ಪಡುತ್ತಿದ್ದೇನೆ’ ಅಂತ ಒಂದು ಸಾಲು ಸೇರಿಸಿ. ಮಾಡಿದ್ದನ್ನು ಹೇಳಿದ ಮೇಲೆ ಬಂದರೆ ಅದು ಕೋರ್ಟಿನ ಮಾತಾಗಿ ಕೇಳಿಸುವುದಿಲ್ಲ. ಪತ್ರದ ಮೊದಲ ಸಾಲಿನಲ್ಲಿ ಬಂದರೆ ಕೇಳಿಸುತ್ತೆ. ‘ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ’ ಅಂತೆಲ್ಲ ಬರೆಯಬೇಡಿ. ನಿಜವಾಗಿಯೂ ಹಾಗಾಗುತ್ತಿದ್ದರೆ ಡಾಕ್ಟರ ಹತ್ತಿರ ಮಾತಾಡಿ. ಅಣ್ಣನಿಗೆ ಬರೆದರೆ ಅವರು ನಿಮ್ಮನ್ನು ಸಮಾಧಾನ ಮಾಡಲು ಕೂರಬೇಕಾಗುತ್ತೆ.

ಕೈಬರಹದಲ್ಲೇ ಬರೆಯಿರಿ, ವಾಟ್ಸಾಪಿನಲ್ಲಿ ಬೇಡ. ಎರಡು ನೀಲಿ ಗೆರೆ ಬಿದ್ದು ಉತ್ತರ ಬರದಿದ್ದರೆ ನೀವೂ ಕಾಯುತ್ತಾ ಒದ್ದಾಡುತ್ತೀರಿ, ಅವರಿಗೂ ಒತ್ತಾಯ. ಮದುವೆಗೆ ಒಂದು ವಾರ ಮುಂಚೆಯಾದರೂ ತಲುಪಲಿ. ಚಪ್ಪರದ ದಿನ ಕೈಗೆ ಕೊಡಬೇಡಿ, ಅವತ್ತು ಓದುವುದಕ್ಕೂ ಪುರುಸೊತ್ತು ಇರುವುದಿಲ್ಲ.

ಇನ್ನೊಂದು ವಿಷಯ ನೀವು ಕೇಳಿಲ್ಲ. ಆದರೂ ಹೇಳದೆ ಇರಲಾರೆ. ನೀವು ಆ ಮಾತು ಆಡಿದ್ದು ನಾಲ್ಕು ಜನರ ಮುಂದೆ. ಪತ್ರ ಓದುವುದು ಅಣ್ಣ ಒಬ್ಬರೇ. ಉಳಿದವರ ಮನಸ್ಸಿನಲ್ಲಿ ಅವರು ಇವತ್ತಿಗೂ ಅಪ್ಪನ ದುಡ್ಡು ತಿಂದವರು. ಅವತ್ತು ಅಲ್ಲಿದ್ದವರಲ್ಲಿ ಈಗ ಊರಲ್ಲಿ ಯಾರು ಯಾರು ಇದ್ದಾರೆ ನೋಡಿ. ಮೊದಲು ಅಣ್ಣನನ್ನು ಕೇಳಿ, ಹಳೇ ವಿಷಯ ಮತ್ತೆ ಊರ ಬಾಯಿಗೆ ಬೀಳುವುದು ಅವರಿಗೆ ಬೇಡವೂ ಇರಬಹುದು. ಅವರು ಹೂಂ ಅಂದರೆ ಆ ಹಿರಿಯರ ಮನೆಗೆ ಹೋಗಿ ಎರಡು ಮಾತು ಹೇಳಿ ಬನ್ನಿ: ‘ಅವತ್ತು ನಾನು ಅಂದಿದ್ದು ಸುಳ್ಳು, ಅಪ್ಪನ ಸಾಲ ಕಟ್ಟಿದ್ದು ಅಣ್ಣನೇ.’ ರಸೀದಿಗಳ ಜೆರಾಕ್ಸ್ ಜೇಬಿನಲ್ಲಿರಲಿ.